ಬಾಡಿಗೆ ಸ್ಕೇಟು: ಚಕ್ರ ತಿರುಗಿಸಿ ನೋಡಿ

ಮಾನ್ಯರೇ,

ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಅಪ್ಪ ಅಮ್ಮಂದಿರು ತಮ್ಮ ಬಾಲ್ಯದ ನಾಲ್ಕು ಚಕ್ರದ ಸ್ಕೇಟು ನೆನೆದು ಮಕ್ಕಳನ್ನು ರಿಂಕಿಗೆ (ಸ್ಕೇಟಿಂಗ್ ಅಂಗಣಕ್ಕೆ) ಕರೆತರುತ್ತಾರೆ. ಬಾಡಿಗೆ ಸ್ಕೇಟು ಕೈಗೆ ಬಂದ ಕೂಡಲೇ ಕಟ್ಟಿಕೊಳ್ಳಬೇಡಿ. ಮಗುಚಿ ಹಿಡಿದು ಎಂಟೂ ಚಕ್ರಗಳನ್ನು ಬೆರಳಲ್ಲಿ ತಿರುಗಿಸಿ. ಕರಕರ ಅಂದರೆ ಚಕ್ರದೊಳಗಿನ 22 ಮಿ.ಮೀ. ಬೇರಿಂಗಿಗೆ ಧೂಳು ಹೊಕ್ಕಿದೆ, ಇಲ್ಲವೇ ತುಕ್ಕು ಹಿಡಿದಿದೆ. ಅಂಥ ಚಕ್ರ ನಡುವೆಯೇ ತಡೆದು ಕಾಲನ್ನು ಒಂದು ಕಡೆಗೆ ಎಳೆಯುತ್ತದೆ. ಅಕ್ಕಪಕ್ಕ ಲಟಪಟ ಅಲುಗಿದರೆ ನಟ್ಟು ಸಡಿಲ. 8 ಮಿ.ಮೀ. ಅಚ್ಚಿನ ನಟ್ಟಿಗೆ 13 ಮಿ.ಮೀ. ಸ್ಪ್ಯಾನರು ಸಾಕು, ಆದರೆ ಚಕ್ರ ತಿರುಗದಷ್ಟು ಬಿಗಿಯಬಾರದು. ಲೇಸು ಬೆರಳ ಬಳಿ ಸಡಿಲ, ಕಣಕಾಲಿಗೆ ಬಿಗಿ. ಹೊಸಬರು ಬೀಳುವುದು ಹೆಚ್ಚಾಗಿ ಹಿಂದಕ್ಕೆ ವಾಲಿ. ಮಂಡಿ ಮಡಚಿ ಮುಂದಕ್ಕೆ ಬಾಗಲಿ. ಬೀಳುವಾಗ ಕೈ ತಾನೇ ನೆಲಕ್ಕೆ ಊರುವುದರಿಂದ ಮುರಿಯುವುದು ಮಣಿಕಟ್ಟು. ಮಂಡಿಗೆ ಪ್ಯಾಡು ಕೊಡುವ ರಿಂಕಿನವರು ಮಣಿಕಟ್ಟಿನ ಕವಚವನ್ನೂ ಇಡಲಿ.

– ಸ್ಕೇಟಿಂಗ್ ತರಬೇತುದಾರರು, ಬೆಂಗಳೂರು