ಗೆಳೆಯನಿಗೊಂದು ಪತ್ರ: ಪೂಜೆ ಮುಗಿದ ಮೇಲೆ

ಪ್ರೀತಿಯ ಗೆಳೆಯಾ,

ನಾಲ್ಕು ಭಾನುವಾರ ಹೊಸ ಚರ್ಚಿಗೆ ಹೋಗಿಬಂದರೂ ಒಬ್ಬರೂ ಹೆಸರು ಕೇಳಲಿಲ್ಲ ಅಂತ ಬರೆದಿದ್ದೀಯ. ಇದೇ ನೋವಿನಲ್ಲಿ ಇನ್ನೂ ಎಷ್ಟೋ ಜನ ಇರಬಹುದೆಂದು ಉತ್ತರವನ್ನು ಎಲ್ಲರೆದುರೇ ಬರೆಯುತ್ತಿದ್ದೇನೆ. ನಿನ್ನ ಹೆಸರು ಹೇಳುವುದಿಲ್ಲ, ಆ ಛತ್ರಿಯ ಸುದ್ದಿಯನ್ನೂ ಎತ್ತುವುದಿಲ್ಲ.

ನೀನು ಅಲ್ಲಿ ಅತಿಥಿಯಲ್ಲ ಕಣೋ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ ಪ್ರಕಾರ, ಕನಿಷ್ಠ 3 ತಿಂಗಳು ಇರುವ ಉದ್ದೇಶದಿಂದ ಮನೆ ಮಾಡಿದರೂ ಆ ಜಾಗದ ಧರ್ಮಕೇಂದ್ರದ, ಅಂದರೆ ಪ್ಯಾರಿಷ್‌ನ, ಗುರು ನಿನ್ನ ಗುರುವೇ. ಹೆಸರು ಬರೆಸಿದರೆ ನೀನಿರುವುದು ಅವರಿಗೆ ಗೊತ್ತಾಗುತ್ತದೆ. ಅದನ್ನು ಭಾನುವಾರ ಬಾಗಿಲ ಬಳಿ ಹೇಳಹೋಗಬೇಡ. ಹಿಂದೆ ಸಾಲು ನಿಂತಿರುತ್ತದೆ, ಫಾದರ್ ಮುಂದಿನ ಪೂಜೆಗೆ ಅಣಿಯಾಗಬೇಕು, ನಿನ್ನ ಹೆಸರು ಕಿವಿಗೆ ಬಿದ್ದು ಅಲ್ಲೇ ಜಾರಿಹೋಗುತ್ತದೆ. ವಾರದ ದಿನ ಕಚೇರಿಗೆ ಹೋಗು. ಜ್ಞಾನಸ್ನಾನದ ಪತ್ರ ಜೊತೆಗಿರಲಿ. ಕಳೆದಿದ್ದರೆ ಜ್ಞಾನಸ್ನಾನವಾದ ಚರ್ಚಿನಿಂದಲೇ ತರಿಸಬೇಕು, ಮೂಲ ದಾಖಲೆ ಅಲ್ಲಿನ ಪುಸ್ತಕದಲ್ಲೇ ಇರುತ್ತದೆ.

ನೀನು ಎಡವಿದ್ದು ಬೇರೆ ಕಡೆ. ಒಂದು ವಾರ ಶನಿವಾರ ಸಂಜೆ, ಮತ್ತೊಂದು ವಾರ ಬೆಳಗಿನ ಮೊದಲ ಪೂಜೆ, ಆಮೇಲೆ ಕೊನೆಯದು. ಭಾನುವಾರ ಪೂಜೆಯಲ್ಲಿ ಭಾಗವಹಿಸಬೇಕೆಂಬ ಕರ್ತವ್ಯ ಇದರಲ್ಲಿ ಯಾವುದರಿಂದಲೂ ಸಲ್ಲುತ್ತದೆ, ಆದರೆ ಪರಿಚಯ ಬೆಳೆಯುವುದಿಲ್ಲ. ಒಂದೊಂದು ಪೂಜೆಗೂ ಬೇರೆಯೇ ಜನ! ಒಂದೇ ಪೂಜೆ, ಒಂದೇ ಬೆಂಚು ಹಿಡಿದು 6 ವಾರ ಕೂರು. ಬಾಗಿಲ ಪಕ್ಕದ ಕೊನೆಯ ಸಾಲು ಬೇಡ. ತಡವಾಗಿ ಬಂದು ಬೇಗ ಹೊರಡುವವರ ಜಾಗ ಅದು, ವಾರವಾರವೂ ಮುಖ ಬದಲು. ಪೂಜೆ ಮುಗಿದ ಮೇಲೆ ಗೀತೆಗಳ ಪುಸ್ತಕ ಎತ್ತಿಡುವವರ ಜೊತೆ ಕೈಜೋಡಿಸು. ಹತ್ತು ಪುಸ್ತಕ ಅಂಚು ಸರಿಮಾಡಿ ಒಂದರ ಮೇಲೊಂದು ಇಡುವಷ್ಟರಲ್ಲಿ 'ಎಲ್ಲಿಂದ ಬಂದ್ರಿ?' ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ. ದನಿ ಇದ್ದರೆ ಗಾಯನವೃಂದ ಸೇರು, ಅಭ್ಯಾಸದ ಸಂಜೆಗಳಲ್ಲಿ ಮಾತಿಗೆ ಬಿಡುವಿರುತ್ತದೆ. ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ಹಂಚುವ ಸೇವೆಯನ್ನು ಮಾತ್ರ ಈಗಲೇ ಕೇಳಬೇಡ. ಅದಕ್ಕೆ ತರಬೇತಿ, ನೇಮಕ ಬೇಕು. 'ಆಮೇಲೆ ನೋಡೋಣ' ಅಂದರೆ ನಿನಗೆ ತಿರಸ್ಕಾರದಂತೆ ಕೇಳೀತು.

ಇಷ್ಟು ಬರೆದು ಕೈ ತಡೆಯಿತು. ಎಲ್ಲವನ್ನೂ ಹೊಸಬನೇ ಯಾಕೆ ಮಾಡಬೇಕು? ಒಂಟಿಯಾದವರನ್ನು, ನಾಡು ಬಿಟ್ಟು ಬಂದವರನ್ನು ಗುರು ಹುಡುಕಿಕೊಂಡು ಹೋಗಬೇಕು ಅನ್ನುತ್ತದೆ ಅದೇ ಸಂಹಿತೆಯ 529ನೇ ವಿಧಿ. ಹಳಬರಾದ ನಾವು ಆ ಕೆಲಸವನ್ನು ಗುರುವಿನ ತಲೆಗೆ ಕಟ್ಟಿ ನಿರಾಳವಾಗಿದ್ದೇವೆ. ಪರಮಪ್ರಸಾದಕ್ಕೆ ಮುಂಚೆ ಪಕ್ಕದವರತ್ತ ತಿರುಗಿ ಶಾಂತಿ ಕೋರುತ್ತೇವಲ್ಲ, ಕಾಲು ಗಂಟೆ ಕಳೆದರೆ ಅದೇ ಮುಖವನ್ನು ಗೇಟಿನ ಹತ್ತಿರ ದಾಟಿಕೊಂಡು ಹೋಗುತ್ತೇವೆ. ನಾನೂ ದಾಟಿದವನೇ. ನಿನ್ನ ಪತ್ರ ಬರುವ ತನಕ ಅದು ನನ್ನನ್ನು ಚುಚ್ಚಿರಲಿಲ್ಲ.

ಸರಿ, ಇಷ್ಟೆಲ್ಲ ಹೇಳಬೇಕೆಂದಿರಲಿಲ್ಲ. ಈ ಭಾನುವಾರ ಎಷ್ಟನೆಯ ಬೆಂಚು ಹಿಡಿದೆ ಅಂತ ಬರೆ. ಛತ್ರಿ ಅಲ್ಲೇ ಬಿಟ್ಟು ಬರಬೇಡ.

ನಿನ್ನವನೇ