ಗೆಳೆಯನಿಗೊಂದು ಪತ್ರ: 'ರನ್' ಅಂದರೆ ಬರೀ ಓಟವಲ್ಲ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. "ಲೆಟ್ ಮಿ ರನ್ ದಿಸ್ ಬೈ ಯೂ" ಅಂತ ಮ್ಯಾನೇಜರ್ ಕಳಿಸಿದ ಮೇಲ್ ನೋಡಿ, ಇಲ್ಲಿ ಓಡೋದು ಏನು, ಎಲ್ಲಿಗೆ ಓಡುತ್ತೆ ಅಂತ ತಲೆ ಕೆಡಿಸಿಕೊಂಡೆ ಅಂದಿದ್ದೀಯ. ಮೊದಲು ಅದಕ್ಕೆ ಉತ್ತರ: 'ಇದನ್ನೊಮ್ಮೆ ನಿನ್ನ ಕಿವಿಗೆ ಹಾಕಿಬಿಡ್ತೀನಿ, ನಿನಗೇನನ್ನಿಸುತ್ತೆ ಹೇಳು' ಅನ್ನೋದು ಅದರ ಅರ್ಥ.

ಆದರೆ ಇಷ್ಟಕ್ಕೇ ನನಗೆ ಇಂಗ್ಲಿಷ್ ಬರೋದೇ ಇಲ್ಲ ಅಂತ ಬರೆದಿದ್ದೀಯಲ್ಲ, ಅದನ್ನು ನಾನು ಒಪ್ಪಲ್ಲ. ಉದ್ದುದ್ದ ಪದಗಳು ನಿನಗೆ ಚೆನ್ನಾಗಿಯೇ ಬರುತ್ತವೆ. ಅವುಗಳಿಗೆ ಒಂದೋ ಎರಡೋ ಅರ್ಥ, ಕಲಿತರೆ ಮುಗೀತು. ಕಾಡೋದು ರನ್, ಸೆಟ್, ಪುಟ್, ಗೆಟ್ ಥರದ ಪುಟ್ಟ ಪದಗಳು. ಅವು ನಿನ್ನೊಬ್ಬನನ್ನೇ ಕಾಡಿದ್ದಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಸಂಪಾದಕರಲ್ಲಿ ಒಬ್ಬರಾದ ಪೀಟರ್ ಗಿಲಿವರ್ 'ರನ್' ಅನ್ನೋ ಒಂದೇ ಕ್ರಿಯಾಪದವನ್ನು ಪರಿಷ್ಕರಿಸೋಕೆ ಸುಮಾರು ಒಂಬತ್ತು ತಿಂಗಳು ಕೂತರು. 2011ರಲ್ಲಿ ಆ ಕೆಲಸ ಹೊರಬಂದಾಗ ಅದರ ಅರ್ಥಗಳ ಲೆಕ್ಕ 645 ಮುಟ್ಟಿತ್ತು. 1989ರ ಎರಡನೇ ಆವೃತ್ತಿಯಲ್ಲಿ ಅತಿ ಹೆಚ್ಚು ಅರ್ಥದ ಪದ ಅನ್ನೋ ಪಟ್ಟ 'ಸೆಟ್'ನದಾಗಿತ್ತು, ಆಗ ಅದಕ್ಕೆ 430 ಅರ್ಥ. ಇಡೀ ಜೀವನ ನಿಘಂಟಿಗೇ ಕೊಟ್ಟವರಿಗೆ ಅಷ್ಟು ಹೊತ್ತು ಹಿಡಿದ ಪದ ಈ 'ರನ್'.

ಹಾಗಾದರೆ 645 ಅರ್ಥ ಬಾಯಿಪಾಠ ಮಾಡಬೇಕಾ? ಖಂಡಿತ ಬೇಡ. ನಮ್ಮ 'ಹೊಡಿ'ಯನ್ನೇ ನೋಡು. ಸುಣ್ಣ ಹೊಡೀತೀವಿ, ಸೀಟಿ ಹೊಡೀತೀವಿ, ಕಣ್ಣು ಹೊಡೀತೀವಿ, ಹರಟೆ, ಗೊರಕೆ, ಈಜು ಎಲ್ಲವನ್ನೂ ಹೊಡೀತೀವಿ. ಅದೃಷ್ಟ ಖುಲಾಯಿಸಿದರೆ ಲಾಟರಿಯೂ ಹೊಡೆಯುತ್ತೆ. ಇದರಲ್ಲಿ ಪೆಟ್ಟು ಎಲ್ಲಿದೆ? ಯಾರೂ ನಮಗೆ ಪಟ್ಟಿ ಕೊಟ್ಟು ಕಲಿಸಲಿಲ್ಲ. ಪಕ್ಕದ ಪದದ ಜೊತೆ ಜೋಡಿಯಾಗಿ ಕಿವಿಗೆ ಬಿತ್ತು, ಹಾಗೇ ನಾಲಿಗೆಗೆ ಬಂತು. 'ರನ್' ಕೂಡ ಹಾಗೇ, ಜೋಡಿಯಲ್ಲೇ ಹಿಡಿಯಬೇಕು.

ಮೊದಲು ಯಾವುದು 'ರನ್' ಆಗ್ತಿದೆ ಅಂತ ನೋಡು. ತುಂಬ ಹಳೆಯ ಕಾಲದಿಂದಲೂ ಈ ಪದಕ್ಕೆ ಓಡು ಅನ್ನೋದರ ಜೊತೆಗೆ ಹರಿ ಅನ್ನೋ ಅರ್ಥವೂ ಇದೆ. ಹಾಗಾಗಿ ನದಿ ರನ್ ಆಗುತ್ತೆ, ನಲ್ಲಿ ರನ್ ಆಗುತ್ತೆ, ನೆಗಡಿ ಬಂದರೆ ಮೂಗು ರನ್ ಆಗುತ್ತೆ, ಬಟ್ಟೆ ಒಗೆದಾಗ ಬಣ್ಣ ಬಿಟ್ಟರೆ ಅದೂ ರನ್. ಹರಿಯೋದು ಅಂದರೆ ನಿಲ್ಲದೆ ಸಾಗೋದು. ಯಂತ್ರಗಳು ಬಂದಾಗ ಅದೇ ಪದ ಅವಕ್ಕೂ ಅಂಟಿಕೊಂಡಿತು: ಗಡಿಯಾರ, ಗಿರಣಿ, ರೈಲು, ಕೊನೆಗೆ ಕಂಪ್ಯೂಟರ್ ಪ್ರೋಗ್ರಾಂ. ನಿಲ್ಲದಂತೆ ನೋಡಿಕೊಳ್ಳೋನೂ ಅದನ್ನು ರನ್ ಮಾಡ್ತಾನೆ. ಆದ್ದರಿಂದ ಕಂಪನಿ ನಡೆಸೋದು, ಅಂಗಡಿ ನಡೆಸೋದು ಎಲ್ಲವೂ ಇದೇ ಪದಕ್ಕೆ ಬಂತು. ಈ ಎಳೆ ಒಂದು ಕೈಗೆ ಸಿಕ್ಕರೆ ಅರ್ಧ ದಾರಿ ಸವೆದ ಹಾಗೆ.

ಆಮೇಲೆ ಪಕ್ಕದಲ್ಲಿ ಕೂತ ಪುಟ್ಟ ಪದ ನೋಡು. ಕ್ರಿಕೆಟ್‌ನಿಂದಾಗಿ 'ರನ್ ಔಟ್' ನಿನಗೆ ಗೊತ್ತೇ ಇದೆ. ಅದಕ್ಕೆ 'ಆಫ್' ಸೇರಿಸು. "ವಿ ಹ್ಯಾವ್ ರನ್ ಔಟ್ ಆಫ್ ಪೇಪರ್" ಅಂದರೆ ಕಾಗದ ಖಾಲಿ. 'ರನ್ ಇನ್‌ಟು' ಅಂದರೆ ಗುದ್ದೋದೂ ಹೌದು, ಹಳೆಯ ಸ್ನೇಹಿತ ಅಚಾನಕ್ಕಾಗಿ ಎದುರಿಗೆ ಸಿಗೋದೂ ಹೌದು. 'ರನ್ ಓವರ್' ಇನ್ನೂ ಹುಷಾರಾಗಿ ನೋಡಬೇಕಾದದ್ದು. ಕರ್ತೃ ಲಾರಿ ಆದರೆ ಯಾರ ಮೇಲೋ ಹರಿಯಿತು ಅಂತ. ಪಾತ್ರೆ ಆದರೆ ತುಂಬಿ ಚೆಲ್ಲಿತು. ಮೀಟಿಂಗ್ ಆದರೆ ಹೇಳಿದ ಹೊತ್ತು ಮೀರಿತು. ನಿನ್ನ ಮೇಲ್‌ಗಳಲ್ಲಿ ಬರೋದು ಬಹುಪಾಲು ಈ ಮೂರನೆಯದೇ.

ನನಗೆ ಈ ಪದದಲ್ಲಿ ತುಂಬ ಇಷ್ಟವಾಗೋದು ಓಟವೇ ಇಲ್ಲದ ಕಡೆ ಅದು ಬಂದು ಕೂರೋದು. ಬ್ಯಾಟ್ಸ್‌ಮನ್ ಸಿಕ್ಸರ್ ಬಾರಿಸಿ ನಿಂತಲ್ಲೇ ನಿಂತರೂ ಆರು ರನ್. 2007ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಜನ ತಮ್ಮ ದುಡ್ಡು ವಾಪಸ್ ಪಡೆಯೋಕೆ ಗಂಟೆಗಟ್ಟಲೆ ಸಾಲುಗಟ್ಟಿ ನಿಂತರು. ಹಾಗೆ ಎಲ್ಲರೂ ಒಟ್ಟಿಗೆ ದುಡ್ಡು ತೆಗೆಯೋಕೆ ಮುಗಿಬೀಳೋದಕ್ಕೆ ಇಂಗ್ಲಿಷ್‌ನವರ ಮಾತು 'ಬ್ಯಾಂಕ್ ರನ್'. ಚುನಾವಣೆಗೆ ಅಮೆರಿಕದವರು 'ರನ್' ಅಂದರೆ ಬ್ರಿಟಿಷರು 'ಸ್ಟ್ಯಾಂಡ್' ಅಂತಾರೆ. ಅಲ್ಲಿ ಓಡ್ತಾರೆ, ಇಲ್ಲಿ ನಿಲ್ತಾರೆ, ಕೆಲಸ ಮಾತ್ರ ಒಂದೇ. ನಾವಂತೂ ಬ್ರಿಟಿಷರ ಹಾಗೆ ಚುನಾವಣೆಗೆ ನಿಲ್ಲೋರು.

ಇನ್ನೊಂದು ಮಾತು. ನೀನು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ ಬರೆದುಕೊಳ್ಳೋ ರೂಢಿ ಇಟ್ಟುಕೊಂಡಿದ್ದೀಯಲ್ಲ, ಇಂಥ ಪದಗಳಿಗೆ ಅದು ಕೆಲಸಕ್ಕೆ ಬರಲ್ಲ. 'ರನ್' ಎದುರು 'ಓಡು' ಅಂತ ಬರೆದ ಮೇಲೆ ಎಲ್ಲಿ ನೋಡಿದರೂ ಓಟವೇ ಕಾಣುತ್ತೆ. ಪದ ಬಿಡು, ಪೂರ್ತಿ ವಾಕ್ಯ ಬರೆದುಕೋ. ಅದರ ಕೆಳಗೆ ಅದೇ ಸಂದರ್ಭದಲ್ಲಿ ನೀನು ಕನ್ನಡದಲ್ಲಿ ಏನನ್ನುತ್ತಿದ್ದೆಯೋ ಅದನ್ನು ಬರಿ. "ಐ ಆಮ್ ರನ್ನಿಂಗ್ ಲೇಟ್" ಕೆಳಗೆ "ಬರೋದು ಸ್ವಲ್ಪ ತಡ ಆಗುತ್ತೆ" ಅಂತ ಇರಲಿ. "ರನ್ ಥ್ರೂ ದ ನಂಬರ್ಸ್" ಕೆಳಗೆ "ಲೆಕ್ಕದ ಮೇಲೊಮ್ಮೆ ಕಣ್ಣಾಡಿಸು" ಅಂತ ಇರಲಿ. ನಿಧಾನವಾಗಿ ಪುಟ ತುಂಬುತ್ತೆ, ಆತುರಪಡಬೇಡ.

ಮುಂದಿನ ಪತ್ರದಲ್ಲಿ ನಿನಗೆ ಅರ್ಥವಾಗದೆ ಉಳಿದ ವಾಕ್ಯಗಳನ್ನೆಲ್ಲ ಕಳಿಸು. ಹಿಂದುಮುಂದಿನ ಸಾಲು ಕತ್ತರಿಸಬೇಡ, ಇದ್ದ ಹಾಗೇ ಕಳಿಸು. 'ಸೆಟ್' ಬಗ್ಗೆಯೂ ಕೇಳಿದ್ದೀಯ, ಅದಕ್ಕೆ ಬೇರೆಯದೇ ಪತ್ರ ಬರೀತೀನಿ.

ಇಂತಿ ನಿನ್ನ ಗೆಳೆಯ