ಟಾರ್ಕಿಗೆ ಜೂಲ್ ಯಾಕಲ್ಲ

ಪುಟ್ಟಿ,

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ವಾಟ್ಸಾಪಿನಲ್ಲಿ ಎರಡು ಪ್ರಶ್ನೆ ಇದ್ದವು. ರಿಪೋರ್ಟಿನಲ್ಲಿ ಲೆಕ್ಕ ಸರಿಯಿದ್ದರೂ ಟಾರ್ಕಿಗೆ, ಅಂದರೆ ತಿರುಗಿಸುವ ಪಟ್ಟಿಗೆ, ಕೆಲಸದ ಅಳತೆಯಾದ ಜೂಲ್ ಅಂತ ಬರೆದದ್ದಕ್ಕೆ ಕೆಂಪು ಗೆರೆ ಯಾಕೆ ಬಿತ್ತು ಅನ್ನೋದು ಒಂದು. ಉತ್ತರ ಐರ್‌ಲೆಂಡಿನ ಬೆಲ್‌ಫಾಸ್ಟಿನಲ್ಲಿ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಕೇರಿಗಳ ನಡುವಿನ ಗೋಡೆಗಳನ್ನು ನೋಡಿ ಬಂದು ಕೇಳಿದ್ದು ಇನ್ನೊಂದು: ಇಬ್ಬರೂ ಅದೇ ಯೇಸುವಿಗೆ ಕೈ ಮುಗಿಯುವವರು, ಮೂವತ್ತು ವರ್ಷ ಯಾಕಪ್ಪ ಹೊಡೆದಾಡಿದರು ಅಂತ. ಫೋನಿನಲ್ಲಿ ಮುಗಿಯುವ ಮಾತಲ್ಲ ಅಂತ ಪೆನ್ನು ಹಿಡಿದೆ.

ಮೊದಲು ಸುಲಭದ್ದು. ಲಾರಿ ಚಕ್ರದ ನಟ್ಟು ತುಕ್ಕು ಹಿಡಿದು ಕೂತಾಗ ಪಾನಾಕ್ಕೆ ಪೈಪು ಸಿಕ್ಕಿಸಿ ನಾನು ತುದಿಗೆ ಜೋತು ಬೀಳುತ್ತಿದ್ದದ್ದು ನೆನಪಿದೆಯಾ? ಎಪ್ಪತ್ತು ಕೇಜಿ ಮೈ, 1.2 ಮೀಟರ್ ಉದ್ದ. ಹತ್ತಿರ ಹತ್ತಿರ 820 ನ್ಯೂಟನ್ ಮೀಟರ್ ಟಾರ್ಕ್. ನಟ್ಟು ಕೂದಲೆಳೆಯಷ್ಟೂ ಕದಲದಿದ್ದರೆ ನಟ್ಟಿನ ಮೇಲೆ ನಾನು ಮಾಡಿದ ಕೆಲಸ ಸೊನ್ನೆ ಜೂಲ್. ಬೆವರಿಗೆ ಲೆಕ್ಕವಿಲ್ಲ! ಕೆಲಸ ಅಂದರೆ ಬಲ ಎಳೆದ ದಿಕ್ಕಿಗೇ ವಸ್ತು ಸರಿಯಬೇಕು. ಟಾರ್ಕಿನಲ್ಲಿ ಬಲ ಒಂದು ಕಡೆ, ಪೈಪಿನ ಉದ್ದ ಅದಕ್ಕೆ ಅಡ್ಡಡ್ಡ. ಗುಣಿಸಿದರೆ ಎರಡಕ್ಕೂ ನ್ಯೂಟನ್, ಮೀಟರ್ ಅಂತಲೇ ಬರುತ್ತೆ, ನಿಜ. ಆದರೆ ಒಂದು ನ್ಯೂಟನ್ ಮೀಟರ್ ಟಾರ್ಕ್ ಒಂದು ಪೂರ್ತಿ ಸುತ್ತು ತಿರುಗಿಸಿದಾಗ ಆಗುವ ಕೆಲಸ 6.28 ಜೂಲ್. ರೇಡಿಯನ್ ಅನ್ನೋದು ಕೋನದ ಅಳತೆ, ಒಂದು ಪೂರ್ತಿ ಸುತ್ತಿಗೆ 6.28 ರೇಡಿಯನ್. ಅಂದರೆ ಟಾರ್ಕ್ ಎಂದರೆ ರೇಡಿಯನ್ನಿಗೆ ಇಷ್ಟು ಜೂಲ್. ರೇಡಿಯನ್ನಿಗೆ ಆಯಾಮವಿಲ್ಲದ, ಅದು ಬರೀ ಸಂಖ್ಯೆಯಾದ ಕಾರಣ ಬರೆಯುವಾಗ ಅದು ಮೆಲ್ಲಗೆ ಜಾರಿಕೊಳ್ಳುತ್ತೆ. ಅದಕ್ಕೇ ಎಸ್‌ಐ ಅನ್ನುವ ಅಂತರರಾಷ್ಟ್ರೀಯ ಅಳತೆ ಪದ್ಧತಿಯಲ್ಲಿ ಟಾರ್ಕಿಗೆ ನ್ಯೂಟನ್ ಮೀಟರ್ ಅಂತಲೇ ಬರೆಯೋದು. ಚಿಕ್ಕ ಎಂ ಅನ್ನು ದೊಡ್ಡ ಎನ್‌ಗಿಂತ ಮೊದಲು ಅಂಟಿಸಬೇಡ, ಅದು ಮಿಲಿನ್ಯೂಟನ್ ಆಗಿಬಿಡುತ್ತೆ.

ಗ್ಯಾರೇಜಿನಲ್ಲಿ ನಾವು ಇವತ್ತಿಗೂ 'ಹತ್ತು ಕೇಜಿಗೆ ಟೈಟ್ ಮಾಡು' ಅನ್ನುತ್ತೇವೆ. ಕೇಜಿ-ಮೀಟರ್ ಅಂತ ಅರ್ಥ, ಒಂದಕ್ಕೆ 9.8 ನ್ಯೂಟನ್ ಮೀಟರ್. ಆದರೆ ನನ್ನ ಟಾರ್ಕ್ ರೆಂಚಿನ (ಇಟ್ಟಷ್ಟು ಟಾರ್ಕ್ ಆದಾಗ ಕಟ್ ಅನ್ನುವ ಪಾನಾ) ಮೇಲೆ ಎರಡು ಗೀಟುಸಾಲು ಇವೆ, ಒಂದು ನ್ಯೂಟನ್ ಮೀಟರಿನದು, ಇನ್ನೊಂದು ಪೌಂಡ್-ಅಡಿಯದು. ಒಮ್ಮೆ ಹೊಸ ಹುಡುಗ 80 ಅಂತ ಪೌಂಡಿನ ಸಾಲಿಗೆ ಇಟ್ಟು ಎಳೆದ. ಇಡಬೇಕಿದ್ದದ್ದು 80, ಇಟ್ಟದ್ದು 108 ನ್ಯೂಟನ್ ಮೀಟರ್. ಕಟ್ ಅನ್ನುವ ಸದ್ದಿನ ಬದಲು ಕೈ ಮೆತ್ತಗೆ ಮುಂದೆ ಹೋಯಿತು ಅಂದ, ಪಾಪ. ಆ ಮೆತ್ತಗೆ ಅನ್ನೋದೇ ಥ್ರೆಡ್, ಅಂದರೆ ಬೋಲ್ಟು ಹಿಡಿಯುವ ಸುರುಳಿ ಗೀಟು, ಹೋಗುವ ಗುರುತು. ಹೋದದ್ದು ಎಂಜಿನ್ನಿನ ಅಲ್ಯೂಮಿನಿಯಂ ಹೆಡ್ಡು, ನನ್ನ ಜೇಬು.

ನಿನಗೆ ತಮಾಷೆ ಗೊತ್ತಾ? ಟಾರ್ಕ್, ರೇಡಿಯನ್ ಈ ಎರಡೂ ಪದ ಬಳಕೆಗೆ ತಂದವನು ನೀನಿರುವ ಊರಿನವನೇ. ಜೇಮ್ಸ್ ಥಾಮ್ಸನ್, 1822ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಎಂಜಿನಿಯರ್, ವಿಜ್ಞಾನಿ ಲಾರ್ಡ್ ಕೆಲ್ವಿನ್ನನ ಅಣ್ಣ. 'ರೇಡಿಯನ್' ಮೊದಲು ಅಚ್ಚಾದದ್ದು 1873ರಲ್ಲಿ, ಅಲ್ಲಿಯ ಕ್ವೀನ್ಸ್ ಕಾಲೇಜಿಗೆ ಅವನು ತೆಗೆದ ಪ್ರಶ್ನೆಪತ್ರಿಕೆಯಲ್ಲಿ. ಹನ್ನೊಂದು ವರ್ಷ ಬಿಟ್ಟು 'ಟಾರ್ಕ್' ಬಂತು. ಪ್ರಶ್ನೆಪತ್ರಿಕೆಯಿಂದ ಒಂದು ಪದ ಹುಟ್ಟಿದ್ದು ನಾನು ಕೇಳಿದ್ದು ಇದೊಂದೇ.

ಇನ್ನು ನಿನ್ನ ಎರಡನೇ ಪ್ರಶ್ನೆ. ಅದೇ ಊರಿನ ಹಾರ್ಲಂಡ್ ಅಂಡ್ ವುಲ್ಫ್ ಹಡಗುಕಟ್ಟೆಯಲ್ಲಿ, ಟೈಟಾನಿಕ್ ಕಟ್ಟಿದ ಜಾಗದಲ್ಲಿ, 1920ರ ಜುಲೈನಲ್ಲಿ ಪ್ರಾಟೆಸ್ಟೆಂಟ್ ಕೆಲಸಗಾರರು ಕ್ಯಾಥೊಲಿಕ್ ಕೆಲಸಗಾರರನ್ನು ಹೊಡೆದು ಓಡಿಸಿದರು. ನೀರಿಗೆ ಹಾರಿ ಈಜಿ ಪಾರಾಗಲು ನೋಡಿದವರ ಮೇಲೆ ನಟ್ಟು, ಬೋಲ್ಟು, ರಿವೆಟ್ಟುಗಳನ್ನೇ ಎಸೆದರು. ಓದುವಾಗ ನನ್ನ ಕೈಯಲ್ಲಿದ್ದ ಬೋಲ್ಟನ್ನು ಕೆಳಗಿಟ್ಟೆ. ಅಲ್ಲಿಗೆ ನಿಲ್ಲಿಸಿದರೆ ಧರ್ಮದ ಜಗಳ ಅಂತ ಷರಾ ಬರೆದು ಮುಗಿಸಬಹುದು. ಆದರೆ ಓಡಿಸಲ್ಪಟ್ಟವರಲ್ಲಿ ಪ್ರಾಟೆಸ್ಟೆಂಟರೂ ಇದ್ದರು: ಕಾರ್ಮಿಕ ಸಂಘ, ಸಮಾಜವಾದ ಅಂತ ಓಡಾಡುತ್ತಿದ್ದವರು. ಮೊದಲ ಮಹಾಯುದ್ಧ ಮುಗಿದಿತ್ತು, ಕೆಲಸ ಕಮ್ಮಿಯಾಗುವ ಭಯವಿತ್ತು, ಐರ್‌ಲೆಂಡ್ ಬ್ರಿಟನ್ನಿನ ಜೊತೆ ಇರಬೇಕೋ ಬೇಡವೋ ಅನ್ನುವ ಹೊಡೆದಾಟ ಕಾವೇರಿತ್ತು.

1968ಕ್ಕೆ ಬಾ. ಉತ್ತರ ಐರ್‌ಲೆಂಡಿನ ಕ್ಯಾಲಿಡನ್ ಅನ್ನುವ ಹಳ್ಳಿಯಲ್ಲಿ ಮಕ್ಕಳೊಂದಿಗರ ಕ್ಯಾಥೊಲಿಕ್ ಕುಟುಂಬಗಳು ಕಾಯುತ್ತಿರುವಾಗ ಸರ್ಕಾರಿ ಮನೆಯೊಂದು ಮದುವೆಯಾಗದ ಹತ್ತೊಂಬತ್ತರ ಪ್ರಾಟೆಸ್ಟೆಂಟ್ ಹುಡುಗಿಗೆ ಹೋಯಿತು. ಬರೀ ಮನೆಯ ಪ್ರಶ್ನೆ ಅಲ್ಲ ಅದು. ಆಗ ಅಲ್ಲಿಯ ಸ್ಥಳೀಯ ಚುನಾವಣೆಯಲ್ಲಿ ವೋಟು ಇದ್ದದ್ದು ಮನೆ ಹಿಡಿದವರಿಗೆ, ಅವರ ಗಂಡ ಅಥವಾ ಹೆಂಡತಿಗೆ. ಅಪ್ಪನ ಮನೆಯಲ್ಲಿರುವ ದೊಡ್ಡ ಮಗನಿಗೂ ಬಾಡಿಗೆ ಕೋಣೆಯವನಿಗೂ ಇಲ್ಲ. ಮನೆ ಕೊಡುವುದೆಂದರೆ ವೋಟು ಕೊಡುವುದು. ಆಮೇಲೆ ಮೆರವಣಿಗೆ, ಲಾಠಿ, ಬಾಂಬು. 1998ರ ಏಪ್ರಿಲ್ 10ಕ್ಕೆ ಶಾಂತಿ ಒಪ್ಪಂದವಾಗುವ ಹೊತ್ತಿಗೆ ಮೂರೂವರೆ ಸಾವಿರದಷ್ಟು ಜನ ಹೋಗಿದ್ದರು.

ಹಾಗಂತ ಧರ್ಮದ ಪಾತ್ರವೇ ಇಲ್ಲ, ಎಲ್ಲ ಕೆಲಸ, ಮನೆ, ವೋಟು ಅನ್ನುವ ಬುದ್ಧಿವಂತರ ಮಾತೂ ನನಗೆ ಹಿಡಿಸುವುದಿಲ್ಲ. ಯಾರನ್ನು ಗೇಟಿನಾಚೆ ತಳ್ಳಬೇಕು ಅಂತ ಗುರುತು ಹಿಡಿದದ್ದು ಯಾವುದು? ಬೇರೆ ಶಾಲೆ, ಬೇರೆ ಕೇರಿ, ಬೇರೆ ಮದುವೆ. ವೇದಿಕೆ ಹತ್ತಿ ಗುಡುಗಿದ ಪ್ರಾಟೆಸ್ಟೆಂಟರ ನಾಯಕ ಇಯಾನ್ ಪೇಯ್ಸ್ಲಿ ಪಾದ್ರಿಯೇ ಆಗಿದ್ದವರು. ನನಗೆ ಧರ್ಮ ಆ ಪೈಪಿನ ಹಾಗೆ ಕಾಣುತ್ತೆ. ಅದಷ್ಟಕ್ಕೆ ಮೂಲೆಯಲ್ಲಿ ಒರಗಿರುತ್ತೆ, ಯಾವ ನಟ್ಟನ್ನೂ ತಿರುಗಿಸಲ್ಲ. ಎಳೆಯುವ ಕೈ ಹಸಿವಿನದೋ ಭಯದ್ದೋ ಕುರ್ಚಿಯದೋ. ಆದರೆ ಪೈಪಿಲ್ಲದಿದ್ದರೆ ಅದೇ ಕೈ ನಟ್ಟು ಕೂತ ಸ್ಟಡ್ ಮುರಿಯುತ್ತಿರಲಿಲ್ಲ. ಸಾಕು, ಉಪಮೆಯನ್ನೂ ಜಾಸ್ತಿ ಎಳೆದರೆ ಥ್ರೆಡ್ ಹೋಗುತ್ತೆ.

ನೀನು ಚಿಕ್ಕವಳಿದ್ದಾಗ ಇಲ್ಲಿ ಒಂದು ಗಲಾಟೆಯಾಗಿತ್ತು. ಶಟರ್ ಇಳಿಸಿ ಒಳಗೆ ಕೂತಿದ್ದವರು ನಾನು, ನಮ್ಮ ಟಿಂಕರ್ ಚಾಚಾ. ಮಧ್ಯಾಹ್ನದ ರೊಟ್ಟಿ ಹಂಚಿಕೊಂಡು ತಿಂದೆವು. ಶುರುವಾದದ್ದು ಆಟೋ ಸ್ಟ್ಯಾಂಡಿನಲ್ಲಿ, ಯಾರ ಪಾಳಿ ಅನ್ನುವುದಕ್ಕೆ. ಸಂಜೆ ಹೊತ್ತಿಗೆ ಪಾಳಿಯ ಮಾತು ಯಾರ ಬಾಯಲ್ಲೂ ಇರಲಿಲ್ಲ. ಕತ್ತಲಾದ ಮೇಲೆ ಚಾಚಾನನ್ನು ಬೈಕಿನಲ್ಲಿ ಮನೆಗೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ.

ರಿಪೋರ್ಟ್ ತಿದ್ದಿ ಕೊಟ್ಟೆಯಾ? ಆ ಗೋಡೆಗಳ ನಡುವೆ ಕೆಲವು ಗೇಟುಗಳನ್ನು ಇವತ್ತಿಗೂ ರಾತ್ರಿ ಹಾಕುತ್ತಾರಂತೆ. ಇನ್ನೊಮ್ಮೆ ಆ ಕಡೆ ಹೋದರೆ ಹತ್ತಿರದಿಂದ ಒಂದು ಫೋಟೋ ತೆಗೆದು ಕಳಿಸು. ಕೀಲು ಎಂಥದ್ದು ಹಾಕಿದ್ದಾರೆ ನೋಡಬೇಕು.

ನಿನ್ನ
ಅಪ್ಪ